ಎಡಗೈಯ ಕಟ್ಟು

ಯಾರ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ತಲೆಯ ಮೇಲಿನ ಮಾಡನ್ನು. ಜಗಲಿ ಹತ್ತಿ, ಕಂಬಳಿ ಮಡಚಿ ಕಂಕುಳಲ್ಲಿಟ್ಟುಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ ಸೂರನ್ನೊಮ್ಮೆ ಸುತ್ತ ನೋಡಿ, ಆಮೇಲೆ "ಹ್ಞಾ, ಎಂತ ಸಮಾಚಾರ" ಎನ್ನುತ್ತಿದ್ದರು. ಹೊಸಬರಿಗೆ ಇದು ಗರ್ವವೆನ್ನಿಸುತ್ತಿತ್ತು. ಹೆಣ್ಣು ನೋಡಲು ಬಂದ ದಿನವೂ ಈ ಮನುಷ್ಯ ಮಾಡನ್ನೇ ನೋಡಿಕೊಂಡು ಹೋದರೆಂದೂ, ತಾನು ಇವರ ಕಣ್ಣಿಗೆ ಬಿದ್ದದ್ದು ಧಾರೆಯ ಹೊತ್ತಿಗೇ ಎಂದೂ ಅವರ ಹೆಂಡತಿ ಮುದುಕಿಯಾದ ಮೇಲೂ ಹೇಳಿಕೊಂಡು ನಗುತ್ತಿದ್ದರು.

ನಾನು ಅವರನ್ನು ದೊಡ್ಡಯ್ಯ ಎನ್ನುತ್ತಿದ್ದೆ, ಆಕೆಯನ್ನು ದೊಡ್ಡವ್ವ. ನೆಂಟರೇನಲ್ಲ, ನೆರೆಯವರು. ಹೊಸನಗರಕ್ಕೂ ಆನಂದಪುರಕ್ಕೂ ನಡುವೆ, ಬಸ್ಸಿನ ರಸ್ತೆಯಿಂದ ಒಂದು ಹರದಾರಿ ಒಳಗೆ ನಮ್ಮ ಹತ್ತು ಹನ್ನೆರಡು ಮನೆಗಳ ಕೇರಿ. ನಮ್ಮ ಅಂಗಳಕ್ಕೂ ಅವರ ಕೊಟ್ಟಿಗೆಗೂ ಮಧ್ಯೆ ಇದ್ದದ್ದು ಒಂದು ಮುಳ್ಳುಬೇಲಿ, ಅದರಲ್ಲೊಂದು ಹಾದುಹೋಗುವ ಕಂಡಿ. ಅವರ ದನ ಕೆಮ್ಮಿದರೆ ನಮ್ಮವ್ವನಿಗೆ ಎಚ್ಚರವಾಗುತ್ತಿತ್ತು. ನಾನು ಹೇಳಹೊರಟಿರುವುದು ಅರುವತ್ತರ ದಶಕದ ಮಾತು. ಆಗ ಅವರಿಗೆ ಎಪ್ಪತ್ತರ ಹತ್ತಿರ. ನಾನು ಎರಡು ಮೈಲಿ ಆಚೆಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರು. ಸೈಕಲ್ಲು ಇತ್ತು, ಕೈಗಡಿಯಾರ ಇತ್ತು, ಸ್ವಲ್ಪ ಜಂಬವೂ ಇತ್ತು.

ದೊಡ್ಡಯ್ಯನ ಮನೆ ಚಿಕ್ಕದು, ಕೊಟ್ಟಿಗೆ ದೊಡ್ಡದು. ದನಕ್ಕೆ ಬಂಗಲೆ, ದೊಡ್ಡಯ್ಯನಿಗೆ ಬಿಡಾರ ಎಂದು ಕೇರಿಯವರು ತಮಾಷೆ ಮಾಡುತ್ತಿದ್ದರು. ಅವರ ಅಜ್ಜನ ಕಾಲದಲ್ಲಿ ಮೂವತ್ತು ದನ ಕಟ್ಟುತ್ತಿದ್ದರಂತೆ. ನಾನು ಕಂಡಾಗ ಇದ್ದದ್ದು ನಾಲ್ಕು ದನ, ಒಂದು ಜೊತೆ ಎತ್ತು. ಉಳಿದ ಜಾಗದಲ್ಲಿ ಅವರು ಕೂರುತ್ತಿದ್ದರು. ನೆಂಟರು ಬಂದರೂ ಅಲ್ಲಿಗೇ ಕರೆ. ಕಾಫಿ ಲೋಟ ಹಿಡಿದು ದೊಡ್ಡವ್ವ ಅಲ್ಲಿಗೇ ಬರಬೇಕು.

ಆ ಕೊಟ್ಟಿಗೆಯ ಮಾಡಿಗೆ ಒಂದು ಮೊಳೆಯೂ ಇರಲಿಲ್ಲ. ಮೇಲಿನ ಹೊದಿಕೆ ಕರಡದ್ದು, ಅಂದರೆ ನಮ್ಮ ಗುಡ್ಡಗಳಲ್ಲಿ ಬೆಳೆಯುವ ಉದ್ದ ಹುಲ್ಲಿನದು. ಅದನ್ನು ಪ್ರತಿ ಬೇಸಿಗೆಯಲ್ಲಿ ಇಳಿಸಿ ಹೊಸದು ಹೊದಿಸಬೇಕು. ಹುಲ್ಲಿನಡಿಯ ಬಿದಿರಿನ ಗಳಗಳನ್ನು ತೊಲೆಗೆ ಬಿಗಿದದ್ದು ಬೆತ್ತದಿಂದ. ಸೊಳ್ಳೆಗೆಂದು ಹಾಕುವ ಹೊಗೆ ಕುಡಿದು ಕುಡಿದು ಆ ಬೆತ್ತದ ಕಟ್ಟುಗಳು ಕಪ್ಪಾಗಿ, ಕಬ್ಬಿಣವಾಗಿ ಹತ್ತಾರು ವರ್ಷ ಉಳಿದಿದ್ದವು. ದೊಡ್ಡಯ್ಯ ಗೋಡೆಗೆ ಒರಗಿ ಕೂತು, ಎಲೆಯಡಿಕೆ ಹಾಕಿ, ಮೇಲೆ ನೋಡುತ್ತ ಆ ಕಟ್ಟುಗಳನ್ನು ಓದುತ್ತಿದ್ದರು. ಓದುತ್ತಿದ್ದರು ಎಂದೇ ಹೇಳಬೇಕು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವ ಕಟ್ಟು ಯಾರ ಕೈಯದು ಎಂದು ಒಂದೊಂದಾಗಿ ಹೇಳುತ್ತಿದ್ದರು. ಇದು ಕೆಳಗಿನ ಮನೆಯವನದು, ಮೂರು ಸುತ್ತು ಸಾಕೆಂದರೂ ಐದು ಸುತ್ತುವವನು, ಪುಕ್ಕಲ. ಅದು ಘಟ್ಟದ ಕೆಳಗೆ ಓಡಿಹೋಗಿ ಮತ್ತೆ ಬಾರದವನದು, ತುದಿ ಸಿಕ್ಕಿಸದೆ ಹಾಗೇ ಬಿಟ್ಟಿದ್ದಾನೆ ನೋಡು, ಆಗಲೇ ಗೊತ್ತಾಗಬೇಕಿತ್ತು. ಬಾಗಿಲಿನ ಬಲಗಡೆ ಮೂಲೆಯ ಕಟ್ಟು ನನ್ನ ತಂದೆಯದು, ನಮ್ಮ ಅಪ್ಪಯ್ಯನದು. ಅಪ್ಪಯ್ಯ ಎಡಚರು. ಎಲ್ಲರ ಕಟ್ಟು ಬಲಕ್ಕೆ ತಿರುಗಿದ್ದರೆ ಆ ಒಂದು ಮಾತ್ರ ಎಡಕ್ಕೆ ತಿರುಗಿತ್ತು.

ಇಷ್ಟೊಂದು ಕೈಗಳು ಅವರ ಮಾಡಿನ ಮೇಲೆ ಹೇಗೆ ಬಂದವೆಂದರೆ, ಮುಯ್ಯಿಯಿಂದ. ಇಂದು ನೀವು ನಮ್ಮ ಮನೆಗೆ ಒಂದು ದಿನ ದುಡಿಯಲು ಬಂದರೆ ನಾಳೆ ನಾನು ನಿಮ್ಮ ಮನೆಗೆ ಒಂದು ದಿನ ಬರಬೇಕು. ಕೂಲಿಯಿಲ್ಲ, ಊಟ ಮಾತ್ರ. ಮಾಡು ಹೊದಿಸುವ ಕೆಲಸಕ್ಕೆ ನಮ್ಮ ಕೇರಿಯಲ್ಲಿ ಯಾರೂ ಯಾರನ್ನೂ ಬಾಯಿಬಿಟ್ಟು ಕರೆಯುವ ಪದ್ಧತಿ ಇರಲಿಲ್ಲ. ಕರೆದರೆ ಬಂದವನಿಗೆ ಅವಮಾನ, ಮರೆತಿದ್ದೀಯ ಎಂದು ಚುಚ್ಚಿದ ಹಾಗೆ. ಕರಡ ಕೊಯ್ದು ತಂದು ಕೊಟ್ಟಿಗೆಯ ಪಕ್ಕದಲ್ಲಿ ರಾಶಿ ಹಾಕುವುದೇ ಕರೆ. ರಾಶಿ ಬಿದ್ದ ಮಾರನೆಯ ಬೆಳಿಗ್ಗೆ ಕತ್ತಿ ಸಿಕ್ಕಿಸಿಕೊಂಡು ಜನ ಬರುತ್ತಿದ್ದರು.

ಮೇಲಿನ ಮನೆಯವರಿಗೂ ದೊಡ್ಡಯ್ಯನಿಗೂ ಒಂದು ಗಡಿಯ ತಕರಾರು ಸಾಗರದ ಕೋರ್ಟಿನವರೆಗೆ ಹೋಗಿ, ಇಬ್ಬರಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಆದರೂ ರಾಶಿ ಬಿದ್ದ ಮಾರನೆಯ ದಿನ ಆ ಮನುಷ್ಯ ಬಂದು ಮಾಡು ಹತ್ತುತ್ತಿದ್ದರು. ಮೇಲೊಬ್ಬರು, ಕೆಳಗೊಬ್ಬರು. ಬೆತ್ತದ ತುದಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗಿಬರುತ್ತಿತ್ತು, ಮಾತಿಲ್ಲ. ಮಧ್ಯಾಹ್ನ ಎದುರುಬದುರು ಕೂತು ಉಂಡು, ಎಲೆ ಎತ್ತಿ, ಸಂಜೆ ಅವರು ಹೊರಟುಹೋಗುತ್ತಿದ್ದರು. ದೊಡ್ಡಯ್ಯನೂ ಅವರ ಮನೆಗೆ ಹಾಗೆಯೇ ಹೋಗಿಬರುತ್ತಿದ್ದರು. ಇದೆಂಥ ಜಗಳ ದೊಡ್ಡಯ್ಯ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಜಗಳ ನೆಲದ್ದು, ಮಾಡಿನದ್ದಲ್ಲ ಎಂದಿದ್ದರು.

ಅಪ್ಪಯ್ಯ ತೀರಿಕೊಂಡ ದಿನ ಚಟ್ಟ ಕಟ್ಟಿದವರು ದೊಡ್ಡಯ್ಯನೇ. ಕೇರಿಯಲ್ಲಿ ಯಾರು ಸತ್ತರೂ ಆ ಕೆಲಸ ಅವರದೇ. ಬಿದಿರು ಅಳೆದು, ಬೆತ್ತ ಸೀಳಿ, ಯಾರೊಡನೆಯೂ ಮಾತಾಡದೆ ಕಟ್ಟುತ್ತಿದ್ದರು. ಎಲ್ಲ ಮುಗಿದು ಹಿಂದಿರುಗುವಾಗ ಹೊಳೆಯ ದಂಡೆಯಲ್ಲಿ ನಾನು ಏನೋ ಹೇಳಬೇಕೆಂದು, ನಿಮ್ಮ ಈ ಉಪಕಾರಕ್ಕೆ ಮುಯ್ಯಿ ತೀರಿಸುತ್ತೇನೆ ಎಂದೆ. ಮೇಷ್ಟರ ಮಾತು, ಸಭೆಯ ಭಾಷಣದ ಹಾಗೆ ಬಂತು. ಅವರು ನಿಂತು ನನ್ನ ಕಡೆ ನೋಡಿದರು.

"ಸಾವಿಗೆ ಮುಯ್ಯಿ ಇಲ್ಲ ತಮ್ಮ. ಅದು ಹೋಗಿಬರೋ ಕೆಲಸ ಅಲ್ಲ. ಮಾಡಿಗೆ ಬಾ, ಸಾಕು."

ನಾನು ಹೋಗಲಿಲ್ಲ. ಆ ಬೇಸಿಗೆ ಶಾಲೆಯ ಪರೀಕ್ಷೆ, ಇನ್ನೊಂದು, ಮತ್ತೊಂದು. ಆದರೆ ನಮ್ಮ ಕೊಟ್ಟಿಗೆಯ ಪಕ್ಕ ಅವ್ವ ಆಳಿನಿಂದ ರಾಶಿ ಹಾಕಿಸಿದ ಮಾರನೆಯ ದಿನ ಬೇಲಿಯ ಕಂಡಿಯಿಂದ ದೊಡ್ಡಯ್ಯ ಬಂದರು. ನಾನು ಯಾರಿಗೂ ದುಡಿಯದಿದ್ದರೂ ಅಪ್ಪಯ್ಯನ ಹೆಸರಿಗೆ ಇನ್ನೂ ಮೂವರು ಬಂದರು. ಸಂಜೆಯ ಹೊತ್ತಿಗೆ ನಮ್ಮ ಕೊಟ್ಟಿಗೆ ಹೊಸ ಹುಲ್ಲು ಹೊದ್ದು ನಿಂತಿತ್ತು. ದೊಡ್ಡಯ್ಯನ ಒಂದು ದಿನ ನನ್ನ ಮೇಲೆ ಬಿತ್ತು. ಇದನ್ನು ಯಾರೂ ಹೇಳಲಿಲ್ಲ, ಹೇಳುವುದೂ ಇಲ್ಲ.

ಮುಂದಿನ ವರ್ಷ ನಾನು ಹಂಚು ಹೊದಿಸಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನು ಕೊಟ್ಟಿಗೆಗೂ ಹಂಚೇ ಹೊದಿಸಿದೆ. ಕೇರಿಯಲ್ಲಿ ಮೊದಲ ಹಂಚಿನ ಕೊಟ್ಟಿಗೆ ನಮ್ಮದು. ಲಾರಿ ರಸ್ತೆಯ ತನಕ ಬಂದು, ಅಲ್ಲಿಂದ ಗಾಡಿಯಲ್ಲಿ ಹಂಚು ಬಂದದ್ದನ್ನು ನೋಡಲು ಎಲ್ಲರೂ ಬಂದರು. ದೊಡ್ಡಯ್ಯನೂ ಬಂದು, ವಾಡಿಕೆಯಂತೆ ಕತ್ತೆತ್ತಿ ನೋಡಿದರು. ತುಂಬಾ ಹೊತ್ತು ನೋಡಿದರು. ಅಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಎಲ್ಲ ಹಂಚೂ ಒಂದೇ.

"ಇದಕ್ಕೆ ಯಾರೂ ಬ್ಯಾಡ ಅಲ್ವನಾ?" ಎಂದರು.

"ಹ್ಞೂ ದೊಡ್ಡಯ್ಯ, ಇನ್ನು ಯಾರ ಕೈಕಾಲು ಹಿಡಿಯೋದೂ ಬ್ಯಾಡ" ಎಂದೆ ನಾನು.

ಆ ಮಾತು ಆಡಿದ ಬಾಯಿಗೆ ಇಂದಿಗೂ ಹೊಡೆದುಕೊಳ್ಳಬೇಕೆನ್ನಿಸುತ್ತದೆ. ಅವರು ಯಾವಾಗ ಕೈಕಾಲು ಹಿಡಿಸಿಕೊಂಡಿದ್ದರು? ದೊಡ್ಡಯ್ಯ ಹೆಗಲ ಕಂಬಳಿ ಸರಿಮಾಡಿಕೊಂಡು ಕಂಡಿ ದಾಟಿ ಹೋದರು.

ನನ್ನನ್ನು ನೋಡಿ ಒಬ್ಬೊಬ್ಬರೇ ಹಂಚು ತರಿಸಿದರು. ಮೂರೇ ವರ್ಷದಲ್ಲಿ ಕೇರಿಯಲ್ಲಿ ಹುಲ್ಲಿನ ಮಾಡು ಉಳಿದದ್ದು ಎರಡು, ಮೇಲಿನ ಮನೆಯವರದು ಮತ್ತು ದೊಡ್ಡಯ್ಯನದು. ಹೊದಿಸಬೇಕಾದ ಮಾಡೇ ಇಲ್ಲದವರಿಗೆ ಮುಯ್ಯಿ ಏಕೆ ನೆನಪಿದ್ದೀತು? ಮೂರನೆಯ ವರ್ಷ ದೊಡ್ಡಯ್ಯನ ರಾಶಿಗೆ ಬಂದದ್ದು ಮಾತಿಲ್ಲದ ಆ ಮೇಲಿನ ಮನೆಯವರೊಬ್ಬರೇ. ಇಬ್ಬರು ಮುದುಕರು ಒಂದು ದಿನದ ಕೆಲಸವನ್ನು ಆರು ದಿನ ಮಾಡಿದರು. ನಾನು ಸೈಕಲ್ಲಿನಲ್ಲಿ ಹೋಗುವಾಗ ಬರುವಾಗ ನೋಡುತ್ತಿದ್ದೆ, ಭಾನುವಾರ ಹೋಗೋಣ ಅಂದುಕೊಳ್ಳುತ್ತಿದ್ದೆ. ಭಾನುವಾರ ಬರುವಷ್ಟರಲ್ಲಿ ಮುಗಿದಿತ್ತು. ಮನಸ್ಸಿಗೆ ಹಗುರವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಆ ಮಳೆಗಾಲ ಮುಗಿಯುವ ಮೊದಲೇ ಮೇಲಿನ ಮನೆಯವರು ಒಂದು ಮಗ್ಗುಲು ಬಿದ್ದುಹೋಗಿ ಹಾಸಿಗೆ ಹಿಡಿದರು. ಮುಂದಿನ ಬೇಸಿಗೆಯಲ್ಲಿ ದೊಡ್ಡಯ್ಯನ ಕೊಟ್ಟಿಗೆಯ ಪಕ್ಕ ರಾಶಿ ಬಿತ್ತು. ಅದನ್ನು ಅವರು ಮತ್ತು ದೊಡ್ಡವ್ವ ಸೇರಿ ಹದಿನೈದು ದಿನ ಹೊತ್ತಿದ್ದರು. ಮಾರನೆಯ ದಿನ ಯಾರೂ ಬರಲಿಲ್ಲ. ಮೂರನೆಯ ದಿನ, ಬಂದವರಿಗೆ ಕೆಲಸ ಸುಲಭವಾಗಲಿ ಎಂದೋ ಏನೋ, ಅವರೇ ಮೂಡಲ ಬದಿಯ ಹಳೆ ಹುಲ್ಲನ್ನೆಲ್ಲ ದೋಟಿಯಿಂದ ಎಳೆದು ಇಳಿಸಿಬಿಟ್ಟರು. ಕೊಟ್ಟಿಗೆಯ ಅರ್ಧ ಬರಿ ಗಳಗಳಾಗಿ ಆಕಾಶಕ್ಕೆ ತೆರೆದುಕೊಂಡಿತು. ಅದು ಎಲ್ಲರಿಗೂ ಕಾಣುತ್ತಿತ್ತು. ಕಂಡವರೆಲ್ಲ, ಇನ್ನೊಬ್ಬರು ಹೋಗುತ್ತಾರೆ ಎಂದುಕೊಂಡರು. ಮೋಡ ಕಟ್ಟಲು ಇನ್ನು ಎರಡು ಮೂರು ವಾರ.

ನನಗೆ ಒಂದು ಉಪಾಯ ಹೊಳೆಯಿತು. ಓದಿದವರ ಉಪಾಯ. ಆನಂದಪುರದ ಕಡೆಯಿಂದ ಇಬ್ಬರು ಕೆಲಸದವರನ್ನು ಗೊತ್ತುಮಾಡಿ, ಕೂಲಿ ನಾನೇ ಕೊಟ್ಟು, ದೊಡ್ಡಯ್ಯನ ಮಾಡು ಹೊದಿಸಿ ಬನ್ನಿ ಎಂದು ಕಳಿಸಿ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಗಳಗಳು ಹಾಗೇ ಇವೆ. ಅವರಿಬ್ಬರನ್ನೂ ದೊಡ್ಡಯ್ಯ ಕೂರಿಸಿ, ಊಟ ಹಾಕಿಸಿ, ಎಲೆಯಡಿಕೆ ಕೊಟ್ಟು, ಏಣಿ ಮುಟ್ಟಲು ಬಿಡದೆ ಕಳಿಸಿದ್ದರು. ನಾನು ಸಿಟ್ಟಿನಿಂದಲೇ ಹೋಗಿ ಕೇಳಿದೆ. ಅವರಿಗೆ ಸಿಟ್ಟಿರಲಿಲ್ಲ.

"ಅವ್ರು ಒಳ್ಳೆಯವ್ರೇ ಕಣಾ. ಆದ್ರೆ ನಾನು ಹೋಗಿ ಅವ್ರ ಮಾಡು ಹೊದಿಸಕ್ಕಾಗ್ತದಾ? ಅವ್ರ ಊರೇ ನಂಗೊತ್ತಿಲ್ಲ."

ಎರಡು ದಿನ ಬಿಟ್ಟು ದೊಡ್ಡವ್ವ ನಮ್ಮ ಅಡಿಗೆಮನೆಗೆ ಬಂದು ಅವ್ವನ ಹತ್ತಿರ ಕೂತರು. ಹಾಲಿಗೆ ಹೆಪ್ಪು ಬೇಕಿತ್ತು ಎಂದರು. ಅವರ ಮನೆಯಲ್ಲಿ ಹೆಪ್ಪಿಗೆ ಬರವೇನು? ಎದ್ದು ಹೋಗುವಾಗ ನನ್ನ ಕಡೆ ತಿರುಗಿ, "ಅವ್ರು ದಿನಾ ಬೆಳಿಗ್ಗೆ ಎದ್ದು ಐದಾರು ಜನಕ್ಕೆ ಆಗೋಷ್ಟು ಬೆತ್ತ ಸೀಳಿ ಇಡ್ತಾರೆ ತಮ್ಮ. ಸಂಜಿಗೆ ಒಣಗ್ತದೆ, ಮತ್ತೆ ನೀರಲ್ಲಿ ಹಾಕ್ತಾರೆ" ಎಂದರು. ಅವ್ವ ನನ್ನ ಮುಖ ನೋಡಲಿಲ್ಲ. ಒಲೆಯ ಕಡೆ ತಿರುಗಿ, ಬೇಯದಿದ್ದ ಅನ್ನವನ್ನು ಸುಮ್ಮನೆ ತಿರುವಿದಳು.

ಆ ಭಾನುವಾರ ನಾನು ಹೋದೆ. ಕತ್ತಿ ಸಿಕ್ಕಿಸಿಕೊಂಡು ಕಂಡಿ ದಾಟಿದಾಗ ದೊಡ್ಡಯ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಅರಳಿದ್ದನ್ನು ನಾನು ಕಂಡೆ. ಒಳಗೆ ಹೋಗಿ ದೊಡ್ಡವ್ವನಿಗೆ, ಒಂದು ಸೇರು ಅಕ್ಕಿ ಹೆಚ್ಚು ಹಾಕು ಎಂದರು. ಒಬ್ಬನಿಗೆ ಒಂದು ಸೇರು.

ನಾನು ಮೇಲೆ, ಅವರು ಒಳಗೆ ಅಟ್ಟಣಿಗೆಯ ಮೇಲೆ. ಕರಡದ ಕಟ್ಟನ್ನು ಹರಡಿ, ಅದರ ಮೇಲೆ ಬಿದಿರು ಸೀಳಿದ ದಬ್ಬೆ ಒತ್ತಿ, ಬೆತ್ತವನ್ನು ಕೆಳಗಿನ ಗಳಕ್ಕೆ ಸುತ್ತಿಸಿ ಮೇಲೆ ಎಳೆದು ಬಿಗಿಯಬೇಕು. ಕೆಲಸ ಶುರುವಾದ ಮೇಲೆ ನನಗೆ ಗೊತ್ತಾದದ್ದು, ನನಗೆ ಕಟ್ಟು ಹಾಕಲು ಬರುವುದಿಲ್ಲ ಎಂಬುದು. ಅಪ್ಪಯ್ಯ ಇರುವ ತನಕ ಅಪ್ಪಯ್ಯ ಹೋಗುತ್ತಿದ್ದರು, ಆಮೇಲೆ ಹಂಚು ಬಂತು. ನಾನು ಹಾಕಿದ ಗಂಟು ಬಿಗಿದಂತೆ ಕಂಡು, ಕೈ ಬಿಟ್ಟೊಡನೆ ಸಡಿಲವಾಗುತ್ತಿತ್ತು. ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಕೈಹಾಕಿದಾಗ ಮೊದಲಿನದು ಪೂರಾ ಜಾರಿ ಅಂಗಳಕ್ಕೆ ಬಿತ್ತು. ಗೂಟದ ಹತ್ತಿರ ನಿಂತಿದ್ದ ಎತ್ತು ತಲೆಯೆತ್ತಿ ನೋಡಿತು.

ದೊಡ್ಡಯ್ಯ ಒಳಗಿನಿಂದಲೇ ಹೇಳಿಕೊಟ್ಟರು. ಎಡಕ್ಕೆ ತಗೋ, ಅಡಿಗೆ ಹಾಕು, ಇದರ ಬೆನ್ನ ಮೇಲೆ ಬರಲಿ, ಈಗ ಹೊಟ್ಟೆಯಿಂದ ತೆಗಿ. ಯಾವುದರ ಬೆನ್ನು, ಯಾವುದರ ಹೊಟ್ಟೆ? ನಾನು ಮೇಷ್ಟರು, ಗೊತ್ತಿಲ್ಲದವರಿಗೆ ಬಾಯಿಮಾತಿನಲ್ಲಿ ಕಲಿಸುವುದೇ ನನ್ನ ಕಸುಬು. ಬಾಯಿಮಾತಿನಲ್ಲಿ ಬಾರದ ವಿದ್ಯೆ ಇರುತ್ತದೆಂದು ಆ ಮಾಡಿನ ಮೇಲೆ ಬೆವರುತ್ತ ಕೂತಾಗ ತಿಳಿಯಿತು. ಕೊನೆಗೆ ತೋರಿಸಿಕೊಡಿ ಎಂದು ಕೆಳಗಿಳಿದೆ. ಅವರು ಬೆತ್ತ ತೆಗೆದುಕೊಂಡರು. ಆಗ ನೋಡಿದೆ, ಅವರ ಎರಡು ಕೈಯೂ ನಡುಗುತ್ತಿದ್ದವು. ಬೆತ್ತದ ತುದಿ ಗಳದ ಸುತ್ತ ಹೋಗಿ ಬೆರಳಿಗೆ ಸಿಗದೆ ತಪ್ಪಿಸಿಕೊಳ್ಳುತ್ತಿತ್ತು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಬೆತ್ತ ಸೀಳಲು ಕತ್ತಿಯ ಭಾರ ಸಾಕು, ಕಟ್ಟಲು ಬೆರಳು ಬೇಕು. ಹೋದ ವರ್ಷ ಆರು ದಿನ ಏಕೆ ಹಿಡಿಯಿತೆಂದು ಈಗ ಅರ್ಥವಾಯಿತು. ಕಟ್ಟಿದವರು ಆ ಮಾತಿಲ್ಲದ ಮನುಷ್ಯ ಒಬ್ಬರೇ. ದೊಡ್ಡಯ್ಯನ ಕೈ ಹೋಗಿರುವುದು ಅವರಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ಗೊತ್ತಿದ್ದವರಿಗೆ ಕೈಯಿಲ್ಲ, ಕೈಯಿದ್ದವನಿಗೆ ಗೊತ್ತಿಲ್ಲ. ನಾವಿಬ್ಬರೂ ಆ ಬೆತ್ತವನ್ನು ನಡುವೆ ಇಟ್ಟುಕೊಂಡು ಕೂತೆವು. ಆಮೇಲೆ ಅವರು ಬಾಗಿಲಿನ ಬಲಗಡೆ ಮೂಲೆಯ ಕಡೆ ನೋಡಿದರು.

"ಏಣಿ ಇಡು. ನಿಮ್ಮಪ್ಪಯ್ಯನ ಕಟ್ಟು ಬಿಚ್ಚು. ಬಿಚ್ಚುವಾಗ ಹೆಂಗೆ ಬರ್ತದೆ ನೋಡ್ಕೋ, ಹಂಗೇ ತಿರುಗಿಸಿ ಹಾಕು."

"ಅದು ಬ್ಯಾಡ ದೊಡ್ಡಯ್ಯ. ಬೇರೆ ಯಾರದ್ದಾದ್ರೂ ಬಿಚ್ತೀನಿ."

"ನಿನ್ನ ಕೈಗೆ ಅದೇ ಬರ್ಬೇಕು. ಇಟ್ಕೊಂಡು ನೋಡಕ್ಕಲ್ಲ ಕಟ್ಟು ಇರೋದು."

ಹತ್ತಿದೆ. ಅಪ್ಪಯ್ಯನ ಬೆರಳು ಮುಟ್ಟಿದ ಆ ಕಪ್ಪು ಬೆತ್ತವನ್ನು ಮುಟ್ಟಿದಾಗ ನನಗೆ ಅಳು ಬಂತು, ಬಂತು ಎಂದೇ ಹೇಳುತ್ತೇನೆ. ತುದಿಯನ್ನು ಉಗುರಿನಿಂದ ಎಬ್ಬಿಸಿ ಒಂದು ಸುತ್ತು ಬಿಚ್ಚಿದೆ. ಎರಡನೆಯ ಸುತ್ತಿಗೆ ಅದು ಲಟಕ್ಕೆಂದು ಮುರಿಯಿತು. ಇಪ್ಪತ್ತು ವರ್ಷ ಹೊಗೆ ಕುಡಿದ ಬೆತ್ತ, ಬಿಗಿದಿರುವಷ್ಟು ದಿನ ಕಬ್ಬಿಣ, ಬಿಚ್ಚಿದರೆ ಒಣಕಡ್ಡಿ. ಇದು ಅವರಿಗೂ ಹೊಳೆದಿರಲಿಲ್ಲ. ಎಷ್ಟೋ ಮಾಡು ಕಟ್ಟಿದ್ದ ಆ ಮನುಷ್ಯ ಹಳೆಯ ಕಟ್ಟನ್ನು ಕಡಿಯುತ್ತಿದ್ದರೇ ಹೊರತು ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಮೂರು ತುಂಡು ನನ್ನ ಅಂಗೈಯಲ್ಲಿ ಉಳಿದವು. ಕೆಳಗಿಳಿದು ಅವರ ಮುಂದೆ ಹಿಡಿದೆ. ಅವರು ಒಂದೊಂದನ್ನೂ ಮುಟ್ಟಿ ನೋಡಿದರು.

"ಇರ್ಲಿ ಬಿಡು. ಹಳೆ ಬೆತ್ತ" ಎಂದರು.

ಆ ಮೂಲೆಯನ್ನು ತೆಂಗಿನ ನಾರಿನ ಹಗ್ಗದಿಂದ ನಾನು ಹೇಗೋ ಬಿಗಿದೆ. ದೊಡ್ಡವ್ವ ಊಟಕ್ಕೆ ಕರೆದರು. ಹೆಚ್ಚಿಗೆ ಹಾಕಿದ ಒಂದು ಸೇರಿನ ಅನ್ನ ದೊಡ್ಡ ಹರಿವಾಣದಲ್ಲಿ ಹಾಗೇ ಇತ್ತು. ಸಂಜೆಯವರೆಗೆ ನಾನು ಹೊದಿಸಿದ್ದು ಎರಡಾಳುದ್ದ. ಹೋಗುವಾಗ, ಒಂದು ದಿನ ತೀರಿತು ದೊಡ್ಡಯ್ಯ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ತೀರಿತು ಎಂದು ಅವರೂ ಹೇಳಲಿಲ್ಲ. ಆ ವಾರದಲ್ಲೇ ಬೀಸಿದ ಮಳೆಗಾಳಿಗೆ ಆ ಎರಡಾಳುದ್ದವೂ ಹಾರಿ ನಮ್ಮ ಹಂಚಿನ ಮೇಲೆ ಬಂದು ಬಿತ್ತು.

ಮಳೆ ಹಿಡಿದ ಮೇಲೆ ದನಗಳನ್ನು ಪಡುವಣ ಬದಿಗೆ ಒತ್ತಿ ಕಟ್ಟಿದರು. ಅಲ್ಲಿಯೂ ಸೋರತೊಡಗಿತು. ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ ಎಂದು ಅವ್ವ ಎರಡು ಸಲ ಹೇಳಿದಳು. ದೊಡ್ಡಯ್ಯ ತಲೆಯಾಡಿಸಿದರು, ಕಟ್ಟಲಿಲ್ಲ. ಕೊನೆಗೆ ತೀರ್ಥಹಳ್ಳಿಯ ಹತ್ತಿರದ ಮಗಳ ಮನೆಯಿಂದ ಅಳಿಯ ಬಂದು ದನಗಳನ್ನು ಹೊಡೆದುಕೊಂಡು ಹೋದ. ದನ ಹೋದ ಮೇಲೆ ಅಲ್ಲಿ ಅವರಿಗೇನು ಕೆಲಸ? ನವರಾತ್ರಿಗೆ ಹೋಗಿಬರುತ್ತೇವೆ ಎಂದು ಹೊರಟ ಗಂಡಹೆಂಡತಿ ಹಿಂದಕ್ಕೆ ಬರಲಿಲ್ಲ. ಎರಡನೆಯ ಮಳೆಗಾಲಕ್ಕೆ ಕೊಟ್ಟಿಗೆ ಬಿತ್ತು. ನಾನು ಶಾಲೆಯಲ್ಲಿದ್ದೆ. ಯಾವ ಮೂಲೆಯಿಂದ ಬಿತ್ತೆಂದು ಅವ್ವನನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರೆ. ನಾನು ಬೆತ್ತ ತಂದು ಶಾಲೆಯ ಮೇಜಿನ ಕಾಲಿಗೆ ಕಟ್ಟತೊಡಗಿದೆ. ನಾನು ತಂದಿಟ್ಟುಕೊಂಡಿದ್ದ ಅಪ್ಪಯ್ಯನ ಕಟ್ಟಿನ ಆ ಮೂರು ತುಂಡುಗಳು ಮುರಿದಿದ್ದರೂ ಬಾಗು ಬಿಟ್ಟಿರಲಿಲ್ಲ. ಅವನ್ನು ಪಕ್ಕದಲ್ಲಿಟ್ಟು, ಬಲಗೈಯ ಕೆಲಸವನ್ನು ಎಡಗೈಗೆ, ಎಡಗೈಯದನ್ನು ಬಲಗೈಗೆ ಕೊಟ್ಟು ನೋಡುತ್ತ ನೋಡುತ್ತ, ಒಂದು ಮಧ್ಯಾಹ್ನ ಕಟ್ಟು ತನಗೆ ತಾನೇ ಕೂತಿತು. ಎಳೆದೆ, ಜಗ್ಗಿದೆ, ಮೇಜು ಎತ್ತಿದೆ. ಸಡಿಲವಾಗಲಿಲ್ಲ.

ಅದನ್ನು ತೋರಿಸಬೇಕೆಂದು ಒಮ್ಮೆ ತೀರ್ಥಹಳ್ಳಿಗೆ ಹೋದೆ. ಚೀಲದಲ್ಲಿ ಬೆತ್ತ ಇತ್ತು. ಮಗಳ ಮನೆಯ ಜಗಲಿಯಲ್ಲಿ ದೊಡ್ಡಯ್ಯ ಕೂತಿದ್ದರು. ಅವರು ಮೇಲೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು, ಬಂದ್ರಾ ಮೇಷ್ಟ್ರೆ ಎಂದರು. ಅವರು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಮೊಣಕಾಲಿನ ಮೇಲೆ ಕೈಗಳು ಕುಣಿಯುತ್ತಲೇ ಇದ್ದವು. ಮಳೆ, ಮಕ್ಕಳು, ಶಾಲೆ ಎಂದು ಏನೇನೋ ಮಾತಾಡಿ, ಕಾಫಿ ಕುಡಿದು ಎದ್ದು ಬಂದೆ. ಚೀಲ ಬಿಚ್ಚಲಿಲ್ಲ.

ಮರುವರ್ಷ ಬಸ್ಸಿನ ಕಂಡಕ್ಟರ ಸುದ್ದಿ ತಂದ. ಹೋಗಿ ಮುಟ್ಟುವಾಗ ಬಿಸಿಲು ಏರಿತ್ತು. ಅಂಗಳದಲ್ಲಿ ನೆರೆಯವರಿಬ್ಬರು ಬಿದಿರು ಹಿಡಿದುಕೊಂಡು, ಅಂಗಡಿಯ ಹುರಿಯಿಂದ ಚಟ್ಟ ಕಟ್ಟಲು ನೋಡುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಹೋಗಿ ಕೂತೆ. ಬೆತ್ತ ಇದೆಯೇ ಎಂದು ಕೇಳಿದೆ. ಕೊಟ್ಟಿಗೆಯ ಹಿಂದೆ ಇತ್ತು. ಸೀಳಿ ಕಟ್ಟಿದೆ. ಒಂದೂ ತಪ್ಪಲಿಲ್ಲ, ಎಲ್ಲವೂ ಎಡಕ್ಕೆ ತಿರುಗಿದವು. ದೊಡ್ಡವ್ವ ಬಾಗಿಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ತುಂಗೆಯ ದಂಡೆಯಲ್ಲಿ ದೇಹ ಇಳಿಸುವ ಮೊದಲು ಚಟ್ಟದ ಕಟ್ಟನ್ನು ಬಿಚ್ಚುವುದಿಲ್ಲ, ಕಡಿಯುತ್ತಾರೆ. ಅಳಿಯ ಕತ್ತಿ ಹಿಡಿದು ಬಗ್ಗಿದವನು ಸ್ವಲ್ಪ ತಡೆದು, ಇದ್ಯಾರು ಕಟ್ಟಿದ್ದು, ತಿರುಗಾಮುರುಗಾ ಇದೆಯಲ್ಲ ಎಂದ. ನಾನೇ ಕಟ್ಟಿದ್ದು ಎಂದೆ. ಅವನು ಒಂದೊಂದಾಗಿ ಕಡಿದ. ಅದನ್ನು ಓದಬಲ್ಲವರು ಅದರ ಮೇಲೆಯೇ ಮಲಗಿದ್ದರು.

ಸಾವಿಗೆ ಮುಯ್ಯಿ ಇಲ್ಲ. ದೊಡ್ಡಯ್ಯನ ಆ ಒಂದು ದಿನ ನನ್ನ ಮೇಲೆ ಹಾಗೆಯೇ ಇದೆ.